ಹೆಬ್ಬೆಟ್ಟಿನ ಅಜ್ಜಿಗೆ 30ಕ್ಕೆ 19



ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಅಷ್ಟು ಟೈಮಿಲ್ಲ ಅನ್ನೋರು ಇಷ್ಟು ಮಾತ್ರ ತಲೇಲಿಟ್ಕೊಳ್ಳಿ: ನಿಮ್ಮ ಕೇರಿಗೆ 'ಮೆಮೊರಿ ಟೆಸ್ಟ್ ಕ್ಯಾಂಪ್' ಬಂದು, ನಿಮ್ಮ ಅವ್ವನ ಕೈಗೆ ಒಂದು ಚೀಟಿ ಕೊಟ್ಟು ಹೋದರೆ ಅದನ್ನ ನೋಡಿ ಎದೆ ಒಡ್ಕೋಬೇಡಿ. ಹರಿದು ಬಿಸಾಕಲೂ ಬೇಡಿ. ಅದರಲ್ಲಿ ಬರೆದಿರೋ ಅಂಕ ಎಲ್ಲಿಂದ ಬಂತು ಅಂತ ಕೇಳಿ.

ಶುಗರ್, ಬಿಪಿ ಕ್ಯಾಂಪು ಆಯ್ತು, ಕಣ್ಣಿನ ಕ್ಯಾಂಪು ಆಯ್ತು, ಈಗ ಮರೆವಿನ ಕ್ಯಾಂಪಿನ ಸರದಿ. ಯಲಹಂಕದಿಂದ ಆರ್.ಟಿ. ನಗರದ ತನಕ ಸಮುದಾಯ ಭವನ, ಪಾರ್ಕು, ದೇವಸ್ಥಾನದ ಜಗಲಿ, ಎಲ್ಲಿ ನೆರಳಿದೆಯೋ ಅಲ್ಲಿ ಟೇಬಲ್ ಹಾಕ್ತಾರೆ. ಮಾಡಬಾರದು ಅಂತ ನಾನು ಹೇಳ್ತಿಲ್ಲ. ಡಿಮೆನ್ಷಿಯಾ ಸುಳ್ಳಲ್ಲ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅನ್ನೋ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು ಏನಂದ್ರೆ, ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಈ ಕಾಯಿಲೆ ಇದೆ. ಲೆಕ್ಕ ಹಾಕಿದರೆ ಸುಮಾರು 88 ಲಕ್ಷ ಜನ. ಹೆಂಗಸರಲ್ಲಿ ಜಾಸ್ತಿ, ಹಳ್ಳಿಗಳಲ್ಲಿ ಜಾಸ್ತಿ, ಓದಿಲ್ಲದವರಲ್ಲಿ ಜಾಸ್ತಿ. ಹೆಂಗಸು, ಹಳ್ಳಿ, ಓದಿಲ್ಲ. ಈ ಮೂರೂ ಒಬ್ಬಳಲ್ಲೇ ಸೇರೋದು ಯಾವ ಕೇರಿಯಲ್ಲಿ ಅಂತ ನಾನು ಬೇರೆ ಹೇಳಬೇಕಾ?

ನನ್ನ ಜಗಳ ಆ ಟೇಬಲ್ ಮೇಲಿರೋ ಹಾಳೆ ಜೊತೆ.

ಆ ಹಾಳೆಯ ಹೆಸರು ಬಹಳ ಕಡೆ ಎಂಎಂಎಸ್‌ಇ. ಅಮೆರಿಕದ ಫೋಲ್‌ಸ್ಟೈನ್ ದಂಪತಿ ಮತ್ತು ಅವರ ಜೊತೆಗಾರರೊಬ್ಬರು 1975ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಕೂತು ಐದ್ಹತ್ತು ನಿಮಿಷದಲ್ಲಿ ಮುಗಿಸೋಕಂತ ಮಾಡಿದ್ದು. ಒಟ್ಟು 30 ಅಂಕ. ಸಾಮಾನ್ಯವಾಗಿ 24ರಲ್ಲಿ ಗೆರೆ. ಅದಕ್ಕಿಂತ ಕೆಳಗೆ ಬಂದರೆ 'ಅನುಮಾನ ಇದೆ' ಅಂತ.

ಅಂಕ ಹೇಗೆ ಹಂಚಿದ್ದಾರೆ ನೋಡಿ. ಇದು ಯಾವ ಇಸವಿ, ಯಾವ ತಿಂಗಳು, ಎಷ್ಟನೇ ತಾರೀಖು: 3 ಅಂಕ. ನೂರರಿಂದ ಏಳು ಕಳೀರಿ, ಬಂದದ್ದರಿಂದ ಮತ್ತೆ ಏಳು ಕಳೀರಿ, ಹೀಗೆ ಐದು ಸಲ: 5 ಅಂಕ. ಅದಾಗದಿದ್ರೆ ಒಂದು ಇಂಗ್ಲಿಷ್ ಪದಾನ ಹಿಂದುಮುಂದಾಗಿ ಸ್ಪೆಲ್ಲಿಂಗ್ ಹೇಳ್ಬೇಕು. ಹಾಳೆಯಲ್ಲಿ ಬರೆದಿರೋದನ್ನ ಓದಿ ಹಾಗೇ ಮಾಡಿ: 1. ಒಂದು ವಾಕ್ಯ ಬರೀರಿ: 1. ಒಂದಕ್ಕೊಂದು ಸಿಕ್ಕಾಕ್ಕೊಂಡಿರೋ ಎರಡು ಪಂಚಕೋನ ನೋಡಿ ಬಿಡಿಸಿ: 1.

ಕೂಡಿ. ಹನ್ನೊಂದು. ಸ್ಕೂಲಿನ ಮೆಟ್ಟಿಲು ಹತ್ತದ, ಕ್ಯಾಲೆಂಡರ್ ನೋಡಿ ಬದುಕದ, ಪೆನ್ಸಿಲ್ ಹಿಡಿಯದ ಒಬ್ಬ ಹೆಣ್ಣುಮಗಳು ಆ ಕುರ್ಚಿ ಮೇಲೆ ಕೂತ ಕೂಡಲೇ ಆ 11 ಅಂಕ ಹೋಯ್ತು ಅಂತಲೇ ಇಟ್ಕೊಳ್ಳಿ. ಮಿಕ್ಕ ಎಲ್ಲಾ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟರೂ ಅವಳಿಗೆ ಸಿಗೋದು 19. ಗೆರೆ ಇರೋದು 24ಕ್ಕೆ. ಮೆದುಳಲ್ಲಿ ಒಂದು ನರವೂ ಕೆಟ್ಟಿಲ್ಲ, ಆದರೂ ಫೇಲು.

ಇವತ್ತು 75 ವರ್ಷದ ಅಜ್ಜಿ ಅಂದ್ರೆ 1950ರ ಆಸುಪಾಸು ಹುಟ್ಟಿದವಳು. 1961ರ ಜನಗಣತಿ ಬಂದಾಗ ಅವಳು ಹತ್ತು-ಹನ್ನೊಂದರ ಹುಡುಗಿ, ನಾಲ್ಕನೇ ಐದನೇ ಕ್ಲಾಸಲ್ಲಿ ಇರಬೇಕಿತ್ತು. ಆ ಜನಗಣತಿ ಪ್ರಕಾರ ಇಡೀ ದೇಶದ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 3.29. ಹತ್ತು ವರ್ಷ ಕಳೆದು 1971ಕ್ಕೆ ಬಂದರೂ 6.44. ಬಾಬಾಸಾಹೇಬರು ಮನೆಯಿಂದ ಗೋಣಿತಾಟು ಹೊತ್ಕೊಂಡು ಹೋಗಿ ಕ್ಲಾಸಿನ ಮೂಲೆಯಲ್ಲಿ ಕೂತಿದ್ದು ನಮಗೆಲ್ಲ ಗೊತ್ತು. ನಮ್ಮ ಅಜ್ಜಿಯರಿಗೆ ಆ ಮೂಲೆಯೂ ಸಿಗಲಿಲ್ಲ. ಅವತ್ತು ಸ್ಕೂಲ್ ಬಾಗಿಲು ಹಾಕಿದ ಸಮಾಜ, ಅರವತ್ತು ವರ್ಷ ಬಿಟ್ಟು ಬಿಳಿ ಕೋಟು ಹಾಕ್ಕೊಂಡು ಬಂದು 'ಯಾಕಮ್ಮ ನಿಂಗೆ ವಾಕ್ಯ ಬರೆಯಕ್ಕೆ ಬರಲ್ಲ' ಅಂತ ಕೇಳ್ತಿದೆ. ಉತ್ತರ ಬರದೇ ಇದ್ದದ್ದಕ್ಕೆ ಕಾಯಿಲೆಯ ಹೆಸರು ಇಡ್ತಿದೆ.

'ನಾವು ಎಂಎಂಎಸ್‌ಇ ಬಳಸಲ್ಲ, ಮೊಕಾ ಬಳಸ್ತೀವಿ' ಅಂತ ಒಬ್ಬರು ಡಾಕ್ಟ್ರು ನನಗೆ ಹೆಮ್ಮೆಯಿಂದ ಹೇಳಿದ್ರು. ಮೊಕಾ 2005ರಲ್ಲಿ ಕೆನಡಾದಿಂದ ಬಂದದ್ದು. ಅದರಲ್ಲಿ ಘನಾಕೃತಿ ಬಿಡಿಸಬೇಕು, ಗಡಿಯಾರ ಬರೆದು ಮುಳ್ಳು ಕೂರಿಸಬೇಕು, ಅಂಕಿ-ಅಕ್ಷರ-ಅಂಕಿ-ಅಕ್ಷರ ಅಂತ ಗೆರೆ ಎಳೀಬೇಕು, ಘೇಂಡಾಮೃಗದ ಚಿತ್ರ ನೋಡಿ ಹೆಸರು ಹೇಳಬೇಕು. ಓದು ಕಡಿಮೆ ಇದ್ದವರಿಗೆ ಒಂದು ಅಂಕ ಕನಿಕರದ ಬೋನಸ್ಸು ಇದೆ ಸ್ವಾಮಿ. ಯಾರಿಗೆ? 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ. ಪಿಯುಸಿ ಮುಗಿಸಿದೋರಿಗೂ ಒಂದು, ಸ್ಕೂಲನ್ನೇ ಕಾಣದವಳಿಗೂ ಒಂದು. ಆಹಾ ಎಂಥ ಸಮಾನತೆ! ಇದು ಸರಿಯಾಗಲ್ಲ ಅಂತ ಗೊತ್ತಾಗಿಯೇ ಅವರೇ ಆಮೇಲೆ ಶಾಲೆ ಕಾಣದವರಿಗೆ ಅಂತ ಬೇರೆ ಆವೃತ್ತಿ ಮಾಡಿದರು. ಆದರೆ ಕ್ಯಾಂಪಿನ ಟೇಬಲ್ ಮೇಲೆ ಇರೋದು ಹಳೇದರ ಜೆರಾಕ್ಸು.

ಒಂದು ಕ್ಯಾಂಪಲ್ಲಿ ನಾನೇ ಕೂತು ನೋಡಿದ್ದು ಹೇಳ್ತೀನಿ. ಯಾರು ನಡೆಸಿದ್ರು ಅನ್ನೋದು ಬೇಡ, ಒಬ್ಬರನ್ನ ಬೈದು ಮುಗಿಸೋ ವಿಷಯ ಇದಲ್ಲ. ನಮ್ಮ ಪೌರಕಾರ್ಮಿಕ ಅಜ್ಜಿ ಒಬ್ಬರು, ಕಂಟ್ರಾಕ್ಟಲ್ಲೇ ಗುಡಿಸಿ ಗುಡಿಸಿ ಪಿಂಚಣಿ ಇಲ್ಲದೆ ಮನೆಗೆ ಬಂದವರು. ಮನೆಮಾತು ತೆಲುಗು. ಎದುರಿಗೆ ಕೂತ ಹುಡುಗಿ ಒಳ್ಳೇ ಮಗು, ತಾಳ್ಮೆಯಿಂದಲೇ ಕೇಳ್ತಿದ್ಲು. ಆದ್ರೆ ಮೆಲುದನಿ, ಮೇಲೆ ಮಾಸ್ಕು, ಹಿಂದೆ ಮೈಕಲ್ಲಿ ಭಾಷಣ. ಅಜ್ಜಿಗೆ ಕಿವಿ ಮಂದ ಅನ್ನೋದು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

'ಇದು ಯಾವ ಇಸವಿ ಅಜ್ಜಿ?'

'ಯಾರಿಗ್ ಗೊತ್ತು ಕಣವ್ವ.'

'ಇವತ್ತು ತಾರೀಖು ಎಷ್ಟು?'

'ಮೊನ್ನೆ ಅಮಾಸೆ ಆಯ್ತಲ್ಲ, ಅದಾಗಿ ನಾಕ್ ದಿವಸ.'

ಉತ್ತರ ಸರಿಯಾಗಿತ್ತು. ನಾನು ಮೊಬೈಲಲ್ಲಿ ಪಂಚಾಂಗ ತೆಗೆದು ನೋಡಿದೆ. ಹಾಳೆಯಲ್ಲಿ ಬಿದ್ದಿದ್ದು ಸೊನ್ನೆ.

ನೂರರಿಂದ ಏಳು ಕಳೀರಿ ಅಂದಾಗ ಅಜ್ಜಿ ನಕ್ಕರು. ಯಾಕೆ ಕಳೀಬೇಕು ಅಂತ ಅವರ ಪ್ರಶ್ನೆ. ನಾನು ಆಮೇಲೆ ಹೊರಗೆ ಕೂರಿಸ್ಕೊಂಡು ಕೇಳಿದೆ: 'ಅಜ್ಜಿ, ನೂರು ರೂಪಾಯಿ ನೋಟು ತಗೊಂಡು ಹೋದೆ. ಏಳು ರೂಪಾಯಿಗೆ ಕೊತ್ತಂಬರಿ, ಏಳು ರೂಪಾಯಿಗೆ ಸಬ್ಬಸಿಗೆ, ಇನ್ನೇಳಕ್ಕೆ ಮೆಂತ್ಯ. ಅವನು ಎಷ್ಟು ವಾಪಸ್ ಕೊಡಬೇಕು?' 'ಎಪ್ಪತ್ತೊಂಬತ್ತು. ಎಪ್ಪತ್ತೈದು ಕೊಟ್ಟು ಚಿಲ್ರೆ ಇಲ್ಲ ಅಂತಾನೆ ಆ ನನ್ಮಗ.'

ಕೊನೆಗೆ ಪೆನ್ಸಿಲ್ ಕೊಟ್ಟು ಪಂಚಕೋನ ಬಿಡಿಸು ಅಂದಾಗ ಆ ಕೈ ನಡುಗಿತು. ನಲವತ್ತು ವರ್ಷ ಪೊರಕೆ ಹಿಡಿದ ಕೈ ಅದು. ಸೂರ್ಯ ಹುಟ್ಟೋ ಮುಂಚೆ ರಸ್ತೆ ಮೇಲೆ ರಂಗೋಲಿ ಹಾಕಿದ ಹಾಗೆ ಗುಡಿಸ್ತಿದ್ದ ಕೈ. ಮಗನಿಗೆ ಚೀಟಿ ಕೊಟ್ಟರು, 'ಡಿಮೆನ್ಷಿಯಾ ಶಂಕೆ, ತಜ್ಞರನ್ನ ಕಾಣಿ' ಅಂತ. ಯಾವ ತಜ್ಞರು, ಎಲ್ಲಿ, ಯಾವಾಗ, ಒಂದೂ ಇಲ್ಲ. ವಾರದೊಳಗೆ ಆ ಮನೆಯಲ್ಲಿ ಅಜ್ಜಿ ಕೈಯಿಂದ ಸ್ಟೌ ಹೋಯ್ತು, ಸಂಧ್ಯಾ ಸುರಕ್ಷಾದ 1200 ರೂಪಾಯಿ ಬರೋ ಪಾಸ್‌ಬುಕ್ ಹೋಯ್ತು, ಮೊಮ್ಮಗುನ ಅಂಗನವಾಡಿಗೆ ಕರ್ಕೊಂಡು ಹೋಗೋ ಕೆಲಸ ಹೋಯ್ತು. ಕೂತಲ್ಲೇ ಕೂರು ಅಂದ್ರು. ಮೂರು ತಿಂಗಳಾದ ಮೇಲೆ ಒಬ್ಬ ಒಳ್ಳೆ ಡಾಕ್ಟ್ರು ಸಿಕ್ಕಿ ಕಿವಿ ನೋಡಿದ್ರು, ಕಣ್ಣಿನ ಪೊರೆ ನೋಡಿದ್ರು, ರಕ್ತ ಪರೀಕ್ಷೆ ಮಾಡಿಸಿ ಬಿ12 ಕಡಿಮೆ ಇದೆ ಅಂದ್ರು. ಡಿಮೆನ್ಷಿಯಾ ಇಲ್ಲ. ಆದ್ರೆ ಮನೆಯವರ ತಲೆಯಿಂದ ಆ ಪದ ಹೋಗಲಿಲ್ಲ, ಪಾಸ್‌ಬುಕ್ಕೂ ವಾಪಸ್ ಬರಲಿಲ್ಲ.

ಇಷ್ಟು ಓದಿ 'ಹಂಗಾದ್ರೆ ಟೆಸ್ಟೇ ಬೇಡ' ಅಂತ ಕಾಮೆಂಟ್ ಹಾಕೋಕೆ ಕೈ ಎತ್ತಿದವರು ಸ್ವಲ್ಪ ತಡೀರಿ.

ಯಶವಂತಪುರ ಮಾರ್ಕೆಟ್‌ನಲ್ಲಿ ಮೂಟೆ ಹೊತ್ತು ಬದುಕಿದ ಹಿರಿಯರೊಬ್ಬರ ಕಥೆ ಇದಕ್ಕೆ ಉಲ್ಟಾ. ಅವರಿಗೆ ನಿಜವಾಗಿ ಕಾಯಿಲೆ ಶುರುವಾಗಿತ್ತು. ಯಾವ ಮಂಡಿಯಿಂದ ಎಷ್ಟು ಮೂಟೆ ಇಳಿಸಿದೆ ಅನ್ನೋದು ಬೆರಳ ತುದಿಯಲ್ಲಿ ಇಟ್ಕೊಂಡಿದ್ದ ಮನುಷ್ಯ, ಕೂಲಿ ಒಂದು ಸಲ ಇಸ್ಕೊಂಡು ಮತ್ತೆ ಕೇಳೋಕೆ ಶುರು ಮಾಡಿದ್ರು. ಜಗಳ ಆಗ್ತಿತ್ತು. ಮಗಳು ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಲ್ಲಿನ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ 'ಎಣ್ಣೆ ಹೊಡೀತಾರಾ?' ಎರಡನೇದು 'ಓದಿದ್ದಾರಾ?' ಓದಿಲ್ಲ ಅಂದಾಗ 'ವಯಸ್ಸಾಯ್ತಲ್ಲಮ್ಮ, ಇಷ್ಟೇ' ಅಂತ ಕಳಿಸಿದ್ರು. ಅರವತ್ತಕ್ಕೆ ಅರಳುಮರಳು ಅನ್ನೋ ಗಾದೆಗೆ ಎಂಬಿಬಿಎಸ್ ಡಿಗ್ರಿ ಸಿಕ್ಕಂಗೆ. ಎರಡು ವರ್ಷ ಕಳೆದ ಮೇಲೆ ಅವರು ಮನೆಯಿಂದ ಹೊರಟು ದಾರಿ ತಪ್ಪಿದ್ರು, ನಾಲ್ಕನೇ ದಿನ ತುಮಕೂರು ಕಡೆ ಸಿಕ್ಕರು. ಆಗ ಎಲ್ಲರಿಗೂ ಗೊತ್ತಾಯ್ತು.

ಡಾಲರ್ಸ್ ಕಾಲೋನಿಯ ನಿವೃತ್ತ ಇಂಜಿನಿಯರ್ ಒಬ್ಬರು ಕಾರಿನ ಕೀ ಎರಡು ಸಲ ಮರೆತ್ರೆ ಸ್ಕ್ಯಾನು, ನ್ಯೂರಾಲಜಿಸ್ಟು, ಸೆಕೆಂಡ್ ಒಪಿನಿಯನ್ನು. ನಮ್ಮವರು ಮನೆ ದಾರಿ ಮರೆತ್ರೂ 'ಅವರು ಹಾಗೇನೇ'. ಇಲ್ಲದ ಕಾಯಿಲೆ ಅಂಟಿಸೋದು, ಇರೋ ಕಾಯಿಲೆ ಕಾಣದೇ ಇರೋದು, ಎರಡಕ್ಕೂ ಬೇರು ಒಂದೇ. ಈ ಮನುಷ್ಯ ಮೊದಲು ಎಷ್ಟು ಬುದ್ಧಿವಂತ ಆಗಿದ್ದ ಅಂತ ಯಾರೂ ಕೇಳಲ್ಲ. ಕೇಳೋ ಅಗತ್ಯ ಇದೆ ಅಂತ ಅವರಿಗೆ ಅನ್ಸೋದೇ ಇಲ್ಲ. ನಮ್ಮವರಿಗೆ ಕಳ್ಕೊಳ್ಳೋಕೆ ಬುದ್ಧಿ ಅಂತ ಒಂದಿತ್ತು ಅನ್ನೋದನ್ನ ಮೊದಲು ಒಪ್ಪಬೇಕಲ್ಲ!

ಈ ಮಾತು ಜಾಸ್ತಿ ಆಯ್ತು ಅನ್ಸಿದ್ರೆ ಅಮೆರಿಕದ ಕಡೆ ನೋಡಿ. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್. ಆಟದಲ್ಲಿ ತಲೆಗೆ ಪೆಟ್ಟು ತಿಂದು ಡಿಮೆನ್ಷಿಯಾ ಬಂದ ಮಾಜಿ ಆಟಗಾರರಿಗೆ ಪರಿಹಾರ ಕೊಡೋ ಒಪ್ಪಂದ ಆಯ್ತು. ಪರಿಹಾರ ಸಿಗಬೇಕಾದ್ರೆ ಇಂಥದೇ ಬುದ್ಧಿ ಪರೀಕ್ಷೆ. ಅಲ್ಲಿ ಕಪ್ಪು ಆಟಗಾರರಿಗೆ ಬೇರೆ ಅಳತೆ ಇಟ್ಟಿದ್ರು. ಕಪ್ಪು ಜನರ ಬುದ್ಧಿ ಮೊದಲಿಂದಲೇ ಕಡಿಮೆ ಮಟ್ಟದ್ದು ಅಂತ ಎಣಿಸೋ ಲೆಕ್ಕ. ಹಾಗಾಗಿ ಒಂದೇ ಅಂಕ ತಗೊಂಡ ಬಿಳಿಯನಿಗೆ 'ಕಾಯಿಲೆ ಇದೆ, ದುಡ್ಡು ತಗೋ', ಕರಿಯನಿಗೆ 'ನಿನಗಿದು ನಾರ್ಮಲ್ಲು, ಹೋಗು'. ಕೆವಿನ್ ಹೆನ್ರಿ, ನಾಜೆ ಡೇವನ್‌ಪೋರ್ಟ್ ಅನ್ನೋ ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ್ರು. ಗಲಾಟೆ ಆದ ಮೇಲೆ 2021ರಲ್ಲಿ ಲೀಗು ಆ ಪದ್ಧತಿ ಕೈಬಿಡ್ತೀನಿ ಅಂತ ಒಪ್ಪಿತು.

ನಮ್ಮಲ್ಲಿ ಜಾತಿವಾರು ಅಳತೆ ಅಂತ ಹಾಳೆ ಮೇಲೆ ಬರೆದಿಲ್ಲ. ಬರೆಯೋ ಅವಶ್ಯಕತೆ ಎಲ್ಲಿದೆ? ಕುರ್ಚಿಯಲ್ಲಿ ಕೂತವರ ಕಣ್ಣಲ್ಲೇ ಇದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಹುಡುಗರು ಇದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕು, ಇಲ್ಲದಿದ್ರೆ ವಾದದಲ್ಲಿ ಸೋಲ್ತೀವಿ. 'ಓದಿಲ್ಲದವರಿಗೆ ಗೆರೆ ಕೆಳಗಿಳಿಸಿ, 24 ಬದಲು 18 ಮಾಡಿ' ಅಂತ ಕೇಳೋದು ಸುಲಭ. ಕೆಲವು ಕಡೆ ಮಾಡ್ತಾರೆ ಕೂಡ. ಆದ್ರೆ ಓದು ಸಿಗದೇ ಇರೋದು ಅಂಕ ಕಡಿಮೆ ಮಾಡೋದು ಮಾತ್ರ ಅಲ್ಲ, ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತೆ. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿತು. ಅವೆಲ್ಲ ಇಲ್ಲದೇ ಹೋದರೆ ಶೇ 45ರಷ್ಟು ಡಿಮೆನ್ಷಿಯಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಅನ್ನೋದು ಅದರ ಲೆಕ್ಕ. ಪಟ್ಟಿಯಲ್ಲಿ ಏನೇನಿದೆ? ಚಿಕ್ಕಂದಿನಲ್ಲಿ ಓದು ಸಿಗದೇ ಇರೋದು. ಕಿವಿ ಕೇಳದೇ ಇರೋದು. ಚಿಕಿತ್ಸೆ ಸಿಗದ ಕಣ್ಣು. ತಲೆಗೆ ಪೆಟ್ಟು. ಬಿಪಿ, ಶುಗರು. ಕೆಟ್ಟ ಗಾಳಿ. ಜನರಿಂದ ದೂರ ಇಟ್ಟಿರೋದು. ಪಟ್ಟಿಯಲ್ಲಿ ಜಾತಿ ಅನ್ನೋ ಪದ ಇಲ್ಲ. ಆದ್ರೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಮುಖಕ್ಕೆ ಸೆರಗು ಕಟ್ಕೊಂಡು ಹೊಗೆ ಕುಡೀತಾ ಗುಡಿಸೋರು ಯಾರು, ಮೂಟೆ ಹೊತ್ತು ಬಿದ್ದು ತಲೆ ಒಡ್ಕೊಂಡೋರು ಯಾರು, ಊರಿಂದ ಹೊರಗೆ ಇಟ್ಟಿದ್ದು ಯಾರನ್ನ ಅಂತ ಕೇಳ್ಕೊಂಡು ಹೋದ್ರೆ ಆ ಪದ ತಾನಾಗೇ ಬರುತ್ತೆ.

ಹಾಗಾಗಿ ಗೆರೆ ಸುಮ್ಮನೆ ಇಳಿಸಿದ್ರೆ ನಿಜವಾದ ರೋಗಿಗಳು ಜಾರಿ ಹೋಗ್ತಾರೆ, ಇಳಿಸದಿದ್ರೆ ಆರೋಗ್ಯವಂತರು ಸಿಕ್ಕಿಬೀಳ್ತಾರೆ. ಗೆರೆ ಎಲ್ಲಿ ಎಳೀಬೇಕು ಅನ್ನೋ ಜಗಳದಿಂದ ಇದು ಬಗೆಹರಿಯಲ್ಲ. ನಮ್ಮವರನ್ನ ಯಾವುದೋ ಗೆರೆಯ ಜೊತೆ ಹೋಲಿಸದೆ, ಐದು ವರ್ಷದ ಹಿಂದೆ ಅವರೇ ಹೇಗಿದ್ದರು ಅನ್ನೋದರ ಜೊತೆ ಹೋಲಿಸಬೇಕು. ಚೀಟಿ ದುಡ್ಡಿನ ಲೆಕ್ಕ ಇಟ್ಕೊಂಡಿದ್ದೋರು ಈಗ ತಪ್ತಾರಾ? ಇಪ್ಪತ್ತು ಮನೆಯ ಉದ್ರಿ ಬಾಯಲ್ಲೇ ಹೇಳ್ತಿದ್ದ ಸೊಪ್ಪಿನ ಅಜ್ಜಿ ಈಗ ಗಿರಾಕಿ ಮುಖ ನೋಡಿ ತಡವರಿಸ್ತಾರಾ? ಮುದ್ದೆಗೆ ನೀರೆಷ್ಟು ಅನ್ನೋದು ಕೈಗೆ ಗೊತ್ತಿದ್ದವರು ಈಗ ದಿನಾ ಗಂಟು ಕಟ್ಟಿಸ್ತಾರಾ? ಯಾವ ಬಸ್ಸು ಅಂತ ಬೋರ್ಡು ಓದದೇ ಬಣ್ಣ ನೋಡಿ, ಕಂಡಕ್ಟರ್ ಕೂಗು ಕೇಳಿ ಮೆಜೆಸ್ಟಿಕ್ ಮುಟ್ತಿದ್ದೋರು ಈಗ ಸ್ಟಾಪಲ್ಲೇ ನಿಂತ್ಬಿಡ್ತಾರಾ? ಇದನ್ನ ಹೇಳಬೇಕಾದೋರು ಮಗಳು, ಸೊಸೆ, ಪಕ್ಕದ ಮನೆಯೋರು, ಜೊತೆಗೆ ಕೆಲಸ ಮಾಡಿದೋರು. ಅವರನ್ನ ಕೂರಿಸಿ ಕೇಳೋಕೆ ಅರ್ಧ ಗಂಟೆ ಬೇಕು. ಕ್ಯಾಂಪಲ್ಲಿ ಒಬ್ಬರಿಗೆ ಕೊಡೋದು ಆರು ನಿಮಿಷ.

ಇದೇನು ನಾನು ಕಂಡುಹಿಡಿದಿದ್ದಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಅವರ ತಂಡ ಇದನ್ನ ಯೋಚನೆ ಮಾಡಿ, 1995ರಲ್ಲಿ ಹಿಂದಿಯ ಒಂದು ಪರೀಕ್ಷೆ ಪ್ರಕಟಿಸಿತು. ಏಳು ಕಳೆಯೋದರ ಬದಲು ವಾರದ ದಿನಗಳನ್ನ ಹಿಂದಿನಿಂದ ಹೇಳಿ ಅಂದ್ರು. ಓದಿ ಕಣ್ಣು ಮುಚ್ಚಿ ಅನ್ನೋದರ ಬದಲು ನನ್ನ ಮುಖ ನೋಡಿ ನಾನು ಮಾಡಿದ ಹಾಗೆ ಮಾಡಿ ಅಂದ್ರು. ವಾಕ್ಯ ಬರೀರಿ ಅನ್ನೋ ಕಡೆ ನಿಮ್ಮ ಮನೆ ಬಗ್ಗೆ ಏನಾದ್ರೂ ಹೇಳಿ ಅಂದ್ರು. ದಿನದ ಕೆಲಸ ಮಾಡ್ತಾರಾ ಇಲ್ವಾ ಅಂತ ಮನೆಯವರನ್ನ ಕೇಳೋ ಪಟ್ಟಿ ಬೇರೆ ಮಾಡಿದ್ರು. ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಯಲ್ಲಿ ಪರೀಕ್ಷೆಗಳ ಪೆಟ್ಟಿಗೆಯನ್ನೇ ತಯಾರಿಸಿದೆ. ಅದರಲ್ಲಿ ನಮ್ಮ ನಿಮ್ಹಾನ್ಸ್ ಪಾಲೂ ಇದೆ. ಅಂದ್ರೆ ಮೂವತ್ತು ವರ್ಷದಿಂದ ಗೊತ್ತಿರೋ ವಿಷಯ ಇದು. ಗೊತ್ತಿದ್ದೂ ಕೇರಿಗೆ ಬರುವಾಗ ಹಳೇ ಜೆರಾಕ್ಸ್ ಹಿಡ್ಕೊಂಡು ಬರ್ತಾರೆ. ಒಳ್ಳೇ ಪೆಟ್ಟಿಗೆ ತೆರೆಯೋಕೆ ಸಮಯ ಬೇಕು, ತರಬೇತಿ ಪಡೆದ ಮನಃಶಾಸ್ತ್ರಜ್ಞರು ಬೇಕು. ಬ್ಯಾನರಿನ ಮುಂದೆ ಫೋಟೋ ತೆಗೆಸೋಕೆ ಅದೆಲ್ಲ ಯಾಕೆ?

ಭಾಷೆ ವಿಷಯ ಬಂತಲ್ಲ. ನಮ್ಮ ಕಡೆಯ ಕೇರಿಗಳಲ್ಲಿ ಮನೆಯೊಳಗೆ ತೆಲುಗೋ ತಮಿಳೋ, ಬೀದಿಯಲ್ಲಿ ಕನ್ನಡ, ಕೆಲಸದಲ್ಲಿ ಉರ್ದು ಹಿಂದಿ. ಒಂದಕ್ಷರ ಓದದ ಹೆಂಗಸು ನಾಲ್ಕು ಭಾಷೆಯಲ್ಲಿ ಜಗಳ ಆಡ್ತಾಳೆ, ನಾಲ್ಕರಲ್ಲೂ ಗೆಲ್ತಾಳೆ. ಈಗ ನಿಮ್ಹಾನ್ಸ್‌ನಲ್ಲಿರೋ ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ರು: ಒಂದಕ್ಕಿಂತ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆ ಕಾಣಿಸ್ಕೊಂಡಿದ್ದು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ಅಕ್ಷರ ಬಾರದವರಲ್ಲೂ ಈ ಲಾಭ ಕಂಡಿತು. ಅಂದ್ರೆ ನಮ್ಮ ಅಜ್ಜಿಯ ತಲೆಯಲ್ಲಿರೋ ಆಸ್ತಿ ಇದು. ಹಾಳೆಯಲ್ಲಿ ಇದಕ್ಕೆ ಎಷ್ಟು ಅಂಕ? ಅದು ಹೋಗಲಿ, ಮನೇಲಿ ತೆಲುಗು ಆಡೋ ಅಜ್ಜಿಗೆ ತೆಲುಗಲ್ಲಿ ಕೇಳೋ ಸೌಜನ್ಯವಾದ್ರೂ ಇದೆಯಾ?

ಸರ್ಕಾರದ ಕಡೆಯಿಂದಲೂ ಕೇಳ್ತಾರೆ. ಆಶಾ ಅಕ್ಕಂದಿರು 30 ದಾಟಿದವರ ಮನೆ ಮನೆಗೆ ಬಂದು ತುಂಬೋ ಸಿಬಿಎಸಿ ಫಾರಂ ನೋಡಿರ್ತೀರಿ. 60 ದಾಟಿದವರಿಗೆ ಅದರಲ್ಲಿ ಒಂದು ಪ್ರಶ್ನೆ: ಹತ್ತಿರದವರ ಹೆಸರು ಅಥವಾ ಸ್ವಂತ ಮನೆ ವಿಳಾಸ ಮರೀತೀರಾ? ಕೆಟ್ಟ ಪ್ರಶ್ನೆ ಅಲ್ಲ. ಆದ್ರೆ ವಿಳಾಸ ಅಂದ್ರೆ ಏನು ಸ್ವಾಮಿ? 'ರಾಜಕಾಲುವೆ ದಾಟಿ, ಮಾರಮ್ಮನ ಗುಡಿ ಹಿಂದೆ, ನಲ್ಲಿ ಪಕ್ಕ.' ಇದು ಸರಿ ಉತ್ತರವೋ ತಪ್ಪೋ? ಡೋರ್ ನಂಬರ್ರೇ ಕೊಡದ ಕಡೆ, ಹಕ್ಕುಪತ್ರಕ್ಕೆ ಮೂವತ್ತು ವರ್ಷದಿಂದ ಅಲೀತಿರೋ ಕಡೆ ವಿಳಾಸ ಮರೆತೋರು ಯಾರು? 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಮನೆ ಕೆಡವಿ ಬೀದಿಗೆ ಹಾಕಿದ್ರಲ್ಲ, ಅವರ ವಿಳಾಸ ಸರ್ಕಾರಕ್ಕೆ ನೆನಪಿದೆಯಾ?

ಆಶಾ ಅಕ್ಕಂದಿರ ಮೇಲೆ ನನಗೆ ಸಿಟ್ಟಿಲ್ಲ. ಗೌರವಧನದಲ್ಲಿ ದುಡಿಯೋ ಅವರ ತಲೆ ಮೇಲೆ ಇನ್ನೆಷ್ಟು ಫಾರಂ ಹೇರ್ತಾರೋ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಅಂತ ಶುರು ಮಾಡಿದ್ವು. ಆಮೇಲೆ ಅದು ಬೇರೆ ಜಿಲ್ಲೆಗಳಿಗೂ ಹಬ್ಬಿತು. ಒಳ್ಳೇ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲೇ ಮೆದುಳಿನ ಕ್ಲಿನಿಕ್ ಅನ್ನೋದು ನಮ್ಮಂಥವರಿಗೆ ಬೇಕಾದದ್ದೇ. ಆದ್ರೆ ಪ್ರಾಯೋಗಿಕವಾಗಿ ಆರಿಸಿದ್ದು ಜಯನಗರ, ಕೋಲಾರ, ಚಿಕ್ಕಬಳ್ಳಾಪುರ. ದಕ್ಷಿಣಕ್ಕೆ ಜಯನಗರ, ಉತ್ತರಕ್ಕೆ ಚಿಕ್ಕಬಳ್ಳಾಪುರ, ನಡುವೆ ಸಿಕ್ಕ ಯಲಹಂಕದ ಅಜ್ಜಿ ಎರಡು ಬಸ್ಸು ಬದಲಾಯಿಸಿ ಹೊಸೂರು ರಸ್ತೆಗೆ ನಿಮ್ಹಾನ್ಸ್‌ಗೆ ಹೋಗಬೇಕು. ಜೊತೆಗೆ ಹೋಗೋ ಮಗಳ ಒಂದು ದಿನದ ಕೂಲಿ ಹೋಯ್ತು. ಮುಂದಿನ ತಾರೀಖಿಗೆ ಇನ್ನೊಂದು ದಿನ. ನಮ್ಮ ಕ್ಲಿನಿಕ್ ಅಂತ ಬೋರ್ಡ್ ಹಾಕಿದ್ದೀರಲ್ಲ ವಾರ್ಡ್ ವಾರ್ಡಿಗೆ, ಅಲ್ಲಿ ಕಿವಿ, ಕಣ್ಣು, ಥೈರಾಯ್ಡ್, ಬಿ12 ಇಷ್ಟನ್ನ ನೋಡಿ ಆಮೇಲೆ ಮೆದುಳಿನ ವಿಷಯಕ್ಕೆ ಬನ್ನಿ. ಮರೆವಿನ ಹಾಗೆ ಕಾಣೋ ಎಷ್ಟೋ ಸಂಗತಿಗಳು ಅಲ್ಲೇ ವಾಸಿಯಾಗುತ್ವೆ.

ಯಶವಂತಪುರದಿಂದ ಕೂಗಳತೆ ದೂರದಲ್ಲಿ ಐಐಎಸ್‌ಸಿ. ಅದರೊಳಗೆ ಮೆದುಳು ಸಂಶೋಧನಾ ಕೇಂದ್ರ. 2022ರ ಜೂನಲ್ಲಿ ಪ್ರಧಾನಿ ಬಂದು ಕಟ್ಟಡ ಉದ್ಘಾಟನೆ ಮಾಡಿ ಹೋದ್ರು. ಆ ಕೇಂದ್ರ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವಿರಾರು ಜನರ ಮೆದುಳು ಹೇಗೆ ಮುಪ್ಪಾಗುತ್ತೆ ಅಂತ ವರ್ಷಾನುಗಟ್ಟಲೆ ಅಧ್ಯಯನ ಮಾಡ್ತಿದೆ. ದೊಡ್ಡ ಕೆಲಸ, ಒಪ್ತೀನಿ. ನನ್ನ ಪ್ರಶ್ನೆ ಸಣ್ಣದು: ಕೋಲಾರ ದಲಿತ ಚಳವಳಿಯ ಮಣ್ಣು, ಆ ಹಳ್ಳಿಗಳಲ್ಲಿ ರಕ್ತ ಕೊಡೋರಲ್ಲಿ, ಸ್ಕ್ಯಾನಿಗೆ ಮಲಗೋರಲ್ಲಿ ನಮ್ಮ ಜನ ಇದ್ದಾರೆ. ಫಲಿತಾಂಶ ಬರೆಯುವಾಗ 'ಶಿಕ್ಷಣದ ವರ್ಷಗಳು: ಸೊನ್ನೆ' ಅಂತ ನಿಲ್ಲಿಸ್ತೀರೋ, ಆ ಸೊನ್ನೆ ಯಾಕೆ ಬಂತು ಅನ್ನೋ ಕಾಲಂ ಒಂದನ್ನ ಸೇರಿಸ್ತೀರೋ?

ಈಗ ಬಹಳ ಜನಕ್ಕೆ ಹೊಳೆಯದ ವಿಷಯಕ್ಕೆ ಬರ್ತೀನಿ. ಜಮೀನು.

ಯಲಹಂಕ, ಜಾಲ, ಹೆಸರಘಟ್ಟ ಕಡೆ ನಮ್ಮವರಿಗೆ ಮಂಜೂರಾದ ಭೂಮಿ ಎಷ್ಟು ಲೇಔಟ್ ಆಗಿದೆ, ಎಷ್ಟು ರೆಸಾರ್ಟ್ ಆಗಿದೆ, ಏರ್‌ಪೋರ್ಟ್ ರಸ್ತೆ ಆದ ಮೇಲೆ ಎಷ್ಟು ಕೋಟಿ ಆಗಿದೆ ಅಂತ ನಿಮಗೆ ಗೊತ್ತು. ಪಿಟಿಸಿಎಲ್ ಕಾಯ್ದೆ ಬಂದಿದ್ದು 1978ರಲ್ಲಿ. ತಡವಾಗಿ ಅರ್ಜಿ ಹಾಕಿದ್ರಿ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ಕೇಸು ಕೇಸು ವಜಾ ಮಾಡಿದ್ರು. ನಾವು ಧರಣಿ ಕೂತು ಕೂತು 2023ರಲ್ಲಿ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಮಾಡಿಸಿದ್ವಿ. ಈಗ ಎಸಿ ಕೋರ್ಟಿನ ಮುಂದೆ ನಿಂತು 'ಈ ಭೂಮಿ ನಮ್ಮಪ್ಪನಿಗೆ ಇಂಥ ವರ್ಷ ಮಂಜೂರಾಯ್ತು, ಸಾಗುವಳಿ ಚೀಟಿ ಇಂಥವರ ಹತ್ತಿರ ಇತ್ತು, ಇಂಥವನು ಬಂದು ಸಾಲದ ಪತ್ರ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸ್ಕೊಂಡ' ಅಂತ ಹೇಳೋರು ಯಾರು? ಎಪ್ಪತ್ತು ಎಂಬತ್ತರ ಅಜ್ಜ ಅಜ್ಜಿಯರು. ಕಾಗದ ನಮ್ಮ ಹತ್ತಿರ ಇರಲ್ಲ. ಇರೋದು ಅವರ ನೆನಪು.

ಆ ನೆನಪಿನ ಮೇಲೆ 'ಡಿಮೆನ್ಷಿಯಾ ಶಂಕೆ' ಅಂತ ಒಂದು ಸೀಲು ಬಿದ್ರೆ?

ಕಾನೂನು ಹೇಳೋದು ಎಲ್ಲರೂ ಸಾಕ್ಷಿ ಹೇಳಬಹುದು ಅಂತಲೇ. ಹಳೇ ಸಾಕ್ಷ್ಯ ಕಾಯ್ದೆಯ 118ನೇ ಸೆಕ್ಷನ್, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 124. ಆದ್ರೆ ತೀರಾ ಮುಪ್ಪಿನಿಂದಲೋ ಕಾಯಿಲೆಯಿಂದಲೋ ಪ್ರಶ್ನೆ ಅರ್ಥ ಆಗದವರು, ಸರಿಯಾಗಿ ಉತ್ತರ ಕೊಡಲಾಗದವರು ಅಂತ ನ್ಯಾಯಾಧೀಶರಿಗೆ ಅನ್ನಿಸಿದ್ರೆ ಬೇಡ ಅನ್ನಬಹುದು. ಕ್ಯಾಂಪಿನ ಆ ಚೀಟಿಗೆ ಕಾನೂನಿನ ತೂಕ ಇಲ್ಲ ಅಂತ ನನಗೂ ಗೊತ್ತು. ಎದುರುಗಡೆ ವಕೀಲ ಅದನ್ನ ಎತ್ತಿ ಹಿಡಿದು, 'ಸ್ವಾಮಿ, ಈ ಹೆಂಗಸಿಗೆ ಇವತ್ತು ಯಾವ ಇಸವಿ ಅಂತಲೇ ಗೊತ್ತಿಲ್ಲ, 1985ರಲ್ಲಿ ಏನಾಯ್ತು ಅಂತ ಹೇಳ್ತಾಳೆ' ಅಂತ ನಗಾಡೋಕೆ ಅಷ್ಟು ಸಾಕು. ಅವತ್ತು ಹೆಬ್ಬೆಟ್ಟು ಒತ್ತಿಸ್ಕೊಳ್ಳುವಾಗ ಅವಳಿಗೆ ಯಾರೂ ಬುದ್ಧಿ ಪರೀಕ್ಷೆ ಮಾಡಲಿಲ್ಲ. ಏನು ಬರೆದಿದೆ ಅಂತ ಓದಿ ಹೇಳಲೂ ಇಲ್ಲ. ಭೂಮಿ ವಾಪಸ್ ಕೊಡಿ ಅಂದಾಗ ಮಾತ್ರ ಅವಳ ತಲೆ ಸರಿ ಇದೆಯಾ ಅಂತ ನೋಡಬೇಕು!

ಬೂಸಾ ಗಲಾಟೆಯಲ್ಲಿ, 1973ರಲ್ಲಿ, ಹಾಸ್ಟೆಲ್‌ಗಳಲ್ಲಿ ಕಲ್ಲೇಟು ತಿಂದ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ದಸಂಸ ಕಟ್ಟೋಕೆ ಊರೂರು ಸುತ್ತಿದ ತಲೆಮಾರು ಅದು. ಅವರು ಹೇಳಿದ್ದನ್ನ ನಾವು ಬರೆದಿಟ್ಟುಕೊಂಡಿರೋದು ಎಷ್ಟು? ಅವರಲ್ಲಿ ಯಾರಿಗೆ ಕಾಯಿಲೆ ನಿಜವಾಗಿ ಶುರುವಾಗಿದೆ ಅಂತ ಬೇಗ ತಿಳಿಯೋದು ನಮಗೆ ಬೇಕೇ ಬೇಕು. ಅದಕ್ಕೇ ನಾನು ಪರೀಕ್ಷೆ ಬೇಡ ಅನ್ನಲ್ಲ. ಸರಿಯಾದ ಪರೀಕ್ಷೆ ಕೊಡಿ ಅಂತಿದ್ದೀನಿ.

ಪರೀಕ್ಷೆ ಆದ ಮೇಲೆ ನೋಡ್ಕೊಳ್ಳೋರು ಯಾರು ಅನ್ನೋದು ಇನ್ನೊಂದು. ಹೆಬ್ಬಾಳ, ಯಲಹಂಕ ನ್ಯೂ ಟೌನಿನ ಅಪಾರ್ಟ್‌ಮೆಂಟುಗಳಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗೆ ಊಟ ಮಾಡಿಸೋದು, ಡೈಪರ್ ಬದಲಾಯಿಸೋದು, ರಾತ್ರಿ ಎದ್ದು ಕೂಗಿದ್ರೆ ತಲೆ ಸವರಿ ಮಲಗಿಸೋದು ನಮ್ಮ ಕೇರಿಯ ಹೆಣ್ಣುಮಕ್ಕಳು. ಈ ಕಾಯಿಲೆಯ ಮೊದಲ ಲಕ್ಷಣ ಯಾವುದು ಅಂತ ಆ ಬಿಳಿ ಕೋಟಿನ ಹುಡುಗಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹನ್ನೆರಡು ಗಂಟೆ ಶಿಫ್ಟು ಮುಗಿಸಿ ಮನೆಗೆ ಬಂದ್ರೆ ಸ್ವಂತ ಅತ್ತೆ ಕೋಣೆಯಲ್ಲಿ ಒಬ್ಬಳೇ. ಕ್ಯಾಂಪ್ ಮಾಡೋರಿಗೆ ನಿಜವಾಗಿ ಕಾಳಜಿ ಇದ್ರೆ ಇವರನ್ನ ಟೇಬಲ್ಲಿನ ಆ ಕಡೆ ಕೂರಿಸಿ, ತರಬೇತಿ ಕೊಡಿ, ಸಂಬಳ ಕೊಡಿ. ಭಾಷೆಯೂ ಸಿಗುತ್ತೆ, ಅಜ್ಜಿಯೂ ಬಾಯಿ ಬಿಡ್ತಾಳೆ.

ಅಲ್ಲಿಯವರೆಗೆ ನಾವು ಮಾಡಬೇಕಾದ್ದು. ನಿಮ್ಮ ಏರಿಯಾಗೆ ಕ್ಯಾಂಪ್ ಬಂದ್ರೆ ಇಬ್ಬರು ಹುಡುಗರು ಹೋಗಿ ಟೇಬಲ್ ಪಕ್ಕ ನಿಂತ್ಕೊಳ್ಳಿ. ಜಗಳ ಬೇಡ. ಯಾವ ಪರೀಕ್ಷೆ, ಓದು ಬಾರದವರಿಗೆ ಮಾಡಿದ್ದಾ ಅಂತ ಕೇಳಿ. ಮನೆ ಭಾಷೆಯಲ್ಲಿ ಕೇಳಿಸಿ. ಕಿವಿ ಕಣ್ಣು ಮೊದಲು ನೋಡಿದ್ರಾ ಅಂತ ಕೇಳಿ. ಚೀಟಿಯಲ್ಲಿ ಕಾಯಿಲೆ ಹೆಸರು ಬರೆಯೋಕೆ ಬಿಡಬೇಡಿ, 'ಇಂಥ ಕಡೆ, ಇಂಥ ದಿನ ಮತ್ತೆ ತೋರಿಸಿ' ಅಂತ ಬರೆಸ್ಕೊಳ್ಳಿ. ಪಿಟಿಸಿಎಲ್ ಅರ್ಜಿ ಇರೋ ಹಿರಿಯರಿದ್ರೆ ಅವರ ಹೇಳಿಕೆಯನ್ನ ಈ ತಿಂಗಳೇ ವಿಡಿಯೋ ಮಾಡಿಟ್ಕೊಂಡು, ನಿಮ್ಮ ವಕೀಲರಿಗೂ ಒಂದು ಕಾಪಿ ಕೊಡಿ. ಮನೇಲಿ ಯಾರಾದ್ರೂ ದಾರಿ ತಪ್ತಿದ್ರೆ, ದುಡ್ಡಿನ ಲೆಕ್ಕ ಹೊಸದಾಗಿ ತಪ್ತಿದ್ರೆ, ಒಂದೇ ಮಾತು ಹತ್ತು ಸಲ ಕೇಳ್ತಿದ್ರೆ ವಯಸ್ಸು ಅಂತ ಬಿಡಬೇಡಿ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ. ಜೊತೆಗೆ ಬರೋರು ಬೇಕು ಅಂದ್ರೆ ಮೆಸೇಜ್ ಹಾಕಿ, ನಮ್ಮ ಗುಂಪಿನೋರು ಯಾರಾದ್ರೂ ಬರ್ತೀವಿ.

ಈಗಾಗಲೇ ಚೀಟಿ ಸಿಕ್ಕಿರೋರು ಅದರ ಫೋಟೋ ಇನ್‌ಬಾಕ್ಸ್‌ಗೆ ಕಳಿಸಿ. ಹೆಸರು, ಫೋನ್ ನಂಬರ್ ಅಳಿಸಿ ಕಳಿಸಿ. ಐವತ್ತು ಚೀಟಿ ಸೇರಿದ ಮೇಲೆ ಆರೋಗ್ಯ ಇಲಾಖೆಗೆ ಮನವಿ ಕೊಡೋಕೆ ಹೋಗೋಣ. ತಾರೀಖು ಇಲ್ಲೇ ಹಾಕ್ತೀನಿ.